ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರಬೇಕೆನ್ನುವವರು ಮಾಡಬೇಕಾದ ಸಿದ್ಧತೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಐಐಎಸ್‌ಸಿಗೆ, ಸಂಶೋಧನಾ ವಿದ್ಯಾರ್ಥಿಯಾಗಿ ಸೇರುವುದೆಂದರೆ ಗೇಟ್ ಅಥವಾ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸಿಕೊಳ್ಳುವುದು ಎಂದು ಅನೇಕರು ತಿಳಿದಿರುತ್ತಾರೆ. ಪಿಯುಸಿ ಮುಗಿದ ಮೇಲೆ ಸಿಇಟಿಯ ರ‍್ಯಾಂಕ್ ಹಿಡಿದು ಕಾಲೇಜು ಆರಿಸಿಕೊಂಡ ಅನುಭವವೇ ಈ ತಿಳಿವಳಿಕೆಗೆ ಕಾರಣ. ಪಿಎಚ್.ಡಿ. ಪ್ರವೇಶ ಆ ರೀತಿಯದಲ್ಲ. ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ ನಿಮ್ಮನ್ನು ಸಂದರ್ಶನದ ಪಟ್ಟಿಗೆ ಸೇರಿಸುತ್ತದೆ, ಅಷ್ಟೇ. ಆಯ್ಕೆ ನಿರ್ಧಾರವಾಗುವುದು ನೀವು ಅರ್ಜಿಯಲ್ಲಿ ಯಾವ ವಿಭಾಗ ಮತ್ತು ಯಾವ ಸಂಶೋಧನಾ ಕ್ಷೇತ್ರವನ್ನು ಆರಿಸಿದ್ದೀರಿ, ಮತ್ತು ನಿಮಗೆ ಗೊತ್ತಿದೆ ಎಂದು ನೀವೇ ಹೇಳಿಕೊಂಡ ವಿಷಯ ನಿಜವಾಗಿ ಎಷ್ಟು ಗೊತ್ತಿದೆ ಎಂಬ ಎರಡು ಸಂಗತಿಗಳ ಮೇಲೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಅವೆರಡಕ್ಕೇ ಮೀಸಲು. ದಿನಾಂಕ, ಶುಲ್ಕ, ನಮೂನೆಗಳ ವಿವರಗಳು ಪ್ರತಿವರ್ಷದ ಅಧಿಸೂಚನೆಯಲ್ಲಿ ಸಿಗುವುದರಿಂದ ಅವುಗಳನ್ನು ಅಗತ್ಯವಿದ್ದಷ್ಟು ಮಾತ್ರ ಹೇಳಿದ್ದೇನೆ.

ಸಂಸ್ಥೆಯ ಸ್ವರೂಪವನ್ನು ಮೊದಲು ಅರಿತುಕೊಂಡರೆ ಅದರ ಸಂದರ್ಶನ ಏಕೆ ಹಾಗಿರುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಜಮ್‌ಶೇಟ್‌ಜಿ ಟಾಟಾ ಅವರ ಕಲ್ಪನೆಯಲ್ಲಿ ಹುಟ್ಟಿ, ಅವರು 1904ರಲ್ಲಿ ತೀರಿಕೊಂಡ ಐದು ವರ್ಷಗಳ ಬಳಿಕ, 1909ರಲ್ಲಿ, ಸಂಸ್ಥೆ ಅಧಿಕೃತವಾಗಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ಭೂಮಿ ಕೊಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಬಂದರು. ಬಸ್ ನಿಲ್ದಾಣದಲ್ಲಿ ಇಂದಿಗೂ ಅದರ ಹೆಸರು ಟಾಟಾ ಇನ್‌ಸ್ಟಿಟ್ಯೂಟ್. ಪದವಿಗೆ ಪಾಠ ಹೇಳುವ ಕಾಲೇಜಾಗಿ ಅದು ಆರಂಭವಾಗಲಿಲ್ಲ. ಪದವಿ ಮುಗಿಸಿದವರು ಬಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಜಾಗವಾಗಿ ಆರಂಭವಾಯಿತು. ಸಿ.ವಿ. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದು ಭೌತಶಾಸ್ತ್ರ ವಿಭಾಗವನ್ನು ಕಟ್ಟಿದಾಗಲೂ, 1958ರಲ್ಲಿ ಸಂಸ್ಥೆ ಪರಿಗಣಿತ ವಿಶ್ವವಿದ್ಯಾಲಯವಾದಾಗಲೂ ಈ ಸ್ವಭಾವ ಬದಲಾಗಲಿಲ್ಲ. ಪಿಯುಸಿ ನಂತರದ ನಾಲ್ಕು ವರ್ಷದ ಪದವಿ ಅಲ್ಲಿ ಆರಂಭವಾದದ್ದು 2011ರಲ್ಲಿ, ಅಂದರೆ ಸ್ಥಾಪನೆಯಾಗಿ ನೂರು ವರ್ಷ ಕಳೆದ ಮೇಲೆ. ಇಂದಿಗೂ ಅಲ್ಲಿನ ವಿದ್ಯಾರ್ಥಿಗಳಲ್ಲಿ ಸಂಶೋಧಕರು ಮತ್ತು ಸ್ನಾತಕೋತ್ತರದವರದೇ ದೊಡ್ಡ ಪಾಲು. ಅರ್ಜಿದಾರನಿಗೆ ಇದರ ಅರ್ಥವಿಷ್ಟು: ಸಂದರ್ಶನದ ಮೇಜಿನ ಆಚೆ ಕೂತವರು ಪ್ರವೇಶ ಕಚೇರಿಯ ಅಧಿಕಾರಿಗಳಲ್ಲ, ಮುಂದಿನ ಐದಾರು ವರ್ಷ ನಿಮ್ಮ ಜೊತೆ ಕೆಲಸ ಮಾಡಬೇಕಾದ ಪ್ರಾಧ್ಯಾಪಕರು. ಅವರು ನಿಮ್ಮಲ್ಲಿ ಹುಡುಕುವುದು ಜಾಣ ಪರೀಕ್ಷಾರ್ಥಿಯನ್ನಲ್ಲ, ಕೆಲಸಕ್ಕೆ ಬರುವ ಜೊತೆಗಾರನನ್ನು.

ಯಾವ ಕಾರ್ಯಕ್ರಮಕ್ಕೆ ಅರ್ಜಿ

ಎಂ.ಎಸ್ಸಿ. ಮುಗಿಸಿದವರು, ಬಿ.ಇ. ಅಥವಾ ಬಿ.ಟೆಕ್. ಮುಗಿಸಿದವರು, ಎಂ.ಟೆಕ್. ಮುಗಿಸಿದವರು ಮೂವರೂ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಬಿ.ಇ. ಆದವರು ಮೊದಲು ಎಂ.ಟೆಕ್. ಮಾಡಲೇಬೇಕು ಎಂಬ ಮಾತು ಊರಿನ ಕಾಲೇಜುಗಳಲ್ಲಿ ಈಗಲೂ ಓಡಾಡುತ್ತಿದೆ, ಅದು ತಪ್ಪು. ಎಂಜಿನಿಯರಿಂಗ್ ವಿಭಾಗಗಳಿಗೆ ಗೇಟ್ ಅಂಕ ಮುಖ್ಯವಾದರೆ, ವಿಜ್ಞಾನ ವಿಭಾಗಗಳಿಗೆ ಸಿಎಸ್‌ಐಆರ್ ಅಥವಾ ಯುಜಿಸಿಯ ನೆಟ್ ಪರೀಕ್ಷೆಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್), ಗೇಟ್, ಜೀವವಿಜ್ಞಾನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೆಆರ್‌ಎಫ್, ಭೌತಶಾಸ್ತ್ರಕ್ಕೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ, ಗಣಿತಕ್ಕೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ (ಎನ್‌ಬಿಎಚ್‌ಎಂ) ಪರೀಕ್ಷೆ, ಜೊತೆಗೆ ಇನ್‌ಸ್ಪೈರ್ ಫೆಲೋಶಿಪ್, ಹೀಗೆ ಹಲವು ದಾರಿಗಳಿವೆ. ಒಂದು ಪರೀಕ್ಷೆ ಕೈಕೊಟ್ಟರೂ ಇನ್ನೊಂದು ಉಳಿಯುವಂತೆ ಎರಡು ಪರೀಕ್ಷೆಗಳನ್ನಾದರೂ ಬರೆಯುವುದು ವಿವೇಕ. ನೆಟ್ ಫಲಿತಾಂಶದಲ್ಲಿ ಈಗ ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಅರ್ಹತೆ, ಪಿಎಚ್.ಡಿ. ಪ್ರವೇಶ ಅರ್ಹತೆ ಎಂಬ ಬೇರೆಬೇರೆ ಪಟ್ಟಿಗಳು ಬರುವುದರಿಂದ, ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಮತ್ತು ನೀವು ಆರಿಸಿದ ವಿಭಾಗ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಅಧಿಸೂಚನೆಯಲ್ಲಿ ಸಾಲುಸಾಲಾಗಿ ಓದಿ ಖಚಿತಪಡಿಸಿಕೊಳ್ಳಬೇಕು.

ಬಿ.ಎಸ್ಸಿ. ಮಾತ್ರ ಆಗಿರುವವರಿಗೆ ಇಂಟಿಗ್ರೇಟೆಡ್ ಪಿಎಚ್.ಡಿ. ಎಂಬ ಕಾರ್ಯಕ್ರಮವಿದೆ. ಜೀವವಿಜ್ಞಾನ, ರಸಾಯನ, ಭೌತ, ಗಣಿತ ಈ ನಾಲ್ಕು ಶಾಖೆಗಳಲ್ಲಿ ಅದು ನಡೆಯುತ್ತದೆ. ಮುಖ್ಯ ದಾರಿ ಜಾಮ್, ಅಂದರೆ ಬಿ.ಎಸ್ಸಿ. ನಂತರದ ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಬಿ.ಎಸ್ಸಿ. ಓದುತ್ತಿರುವ ಎಷ್ಟೋ ಮಕ್ಕಳಿಗೆ ಈ ಕಾರ್ಯಕ್ರಮದ ಹೆಸರೇ ಕೊನೆಯ ಸೆಮಿಸ್ಟರ್‌ನಲ್ಲಿ ಕಿವಿಗೆ ಬೀಳುತ್ತದೆ, ಅಷ್ಟರಲ್ಲಿ ಜಾಮ್‌ಗೆ ಹೆಸರು ನೋಂದಾಯಿಸುವ ಕಾಲ ಮುಗಿದಿರುತ್ತದೆ. ಪರೀಕ್ಷೆ ಫೆಬ್ರವರಿಯಲ್ಲಿ ನಡೆದರೂ ನೋಂದಣಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ. ಬಿ.ಎಸ್ಸಿ.ಯವರಿಗೆ ಪಾಠ ಹೇಳುವ ಅಧ್ಯಾಪಕರು ಎರಡನೆಯ ವರ್ಷದಲ್ಲೇ ಇದನ್ನು ತರಗತಿಯಲ್ಲಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.

ಎಂ.ಟೆಕ್. ಎಂಬ ಹೆಸರಿನಲ್ಲಿ ಎರಡು ಬೇರೆ ಕಾರ್ಯಕ್ರಮಗಳಿವೆ ಎಂಬುದು ಗೊಂದಲಕ್ಕೆ ಎಡೆಮಾಡುತ್ತದೆ. ಒಂದು ಕೋರ್ಸ್‌ವರ್ಕ್, ಅಂದರೆ ತರಗತಿಯ ಪಾಠ, ಪ್ರಧಾನವಾದದ್ದು; ಇನ್ನೊಂದು ಎಂ.ಟೆಕ್. ರಿಸರ್ಚ್, ಅದರ ತಿರುಳು ಪ್ರಬಂಧ. ಪಿಎಚ್.ಡಿ. ಮಾಡಬೇಕೋ ಬೇಡವೋ ಎಂಬ ಅನುಮಾನ ಇರುವ ಬಿ.ಇ. ಪದವೀಧರರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ, ಏಕೆಂದರೆ ಸಂಶೋಧನೆ ಒಗ್ಗಿದರೆ ಅಲ್ಲಿಂದ ಪಿಎಚ್.ಡಿ.ಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಒಗ್ಗದಿದ್ದರೆ ಒಂದು ಸ್ನಾತಕೋತ್ತರ ಪದವಿಯೊಂದಿಗೆ ಗೌರವವಾಗಿ ಹೊರಬರಬಹುದು. ಕೆಲಸದಲ್ಲಿರುವವರಿಗೆ ಬಾಹ್ಯ ನೋಂದಣಿಯ ಕಾರ್ಯಕ್ರಮ, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಿಗೆ ಕ್ಯೂಐಪಿ ಎಂಬ ಗುಣಮಟ್ಟ ಸುಧಾರಣಾ ಕಾರ್ಯಕ್ರಮ ಇವೆ. ಎರಡಕ್ಕೂ ಉದ್ಯೋಗದಾತರ ಒಪ್ಪಿಗೆ ಪತ್ರ ಬೇಕು, ಮತ್ತು ಅದನ್ನು ಪಡೆಯುವುದು ಅನೇಕ ಸಲ ಪರೀಕ್ಷೆಗಿಂತ ಹೆಚ್ಚು ಕಾಲ ತಿನ್ನುತ್ತದೆ.

ವಿಭಾಗವನ್ನು ಆರಿಸುವುದು

ಅರ್ಜಿದಾರರು ಅತಿ ಕಡಿಮೆ ಯೋಚಿಸಿ ಮಾಡುವ, ಅತಿ ಹೆಚ್ಚು ಪರಿಣಾಮ ಬೀರುವ ಕೆಲಸವಿದು. ಎಂ.ಎಸ್ಸಿ. ಭೌತಶಾಸ್ತ್ರದವರು ಭೌತಶಾಸ್ತ್ರ ವಿಭಾಗವನ್ನು ಗುರುತು ಮಾಡಿ ಸುಮ್ಮನಾಗುತ್ತಾರೆ. ಆದರೆ ಸಂಸ್ಥೆಯಲ್ಲಿ ನಲವತ್ತಕ್ಕೂ ಹೆಚ್ಚು ವಿಭಾಗಗಳೂ ಕೇಂದ್ರಗಳೂ ಇವೆ, ಮತ್ತು ಅವುಗಳಲ್ಲಿ ಹಲವು ತಮ್ಮ ಹೆಸರಿಗೆ ಹೊಂದದ ಪದವಿಯವರನ್ನೂ ತೆಗೆದುಕೊಳ್ಳುತ್ತವೆ. ಮುಂಗಾರು ಮಳೆಯ ಅಧ್ಯಯನ ನಡೆಯುವ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರಕ್ಕೆ ಭೌತಶಾಸ್ತ್ರ, ಗಣಿತದ ಎಂ.ಎಸ್ಸಿ.ಯವರು ಬರುತ್ತಾರೆ; ಇನ್‌ಸ್ಟ್ರುಮೆಂಟೇಶನ್ ಮತ್ತು ಅನ್ವಯಿಕ ಭೌತಶಾಸ್ತ್ರ ವಿಭಾಗಕ್ಕೆ ಎಂಜಿನಿಯರರೂ ಬರುತ್ತಾರೆ, ಭೌತವಿಜ್ಞಾನಿಗಳೂ ಬರುತ್ತಾರೆ; ಘನಸ್ಥಿತಿ ಮತ್ತು ರಾಚನಿಕ ರಸಾಯನ ಘಟಕದಲ್ಲಿ ರಸಾಯನದವರ ಪಕ್ಕದಲ್ಲಿ ಭೌತಶಾಸ್ತ್ರದವರು ಕೂತಿರುತ್ತಾರೆ; ಜಿ.ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ಘಟಕದ ಹೆಸರಿನಲ್ಲೇ ಎರಡು ಶಾಸ್ತ್ರಗಳಿವೆ. ನ್ಯಾನೋ ವಿಜ್ಞಾನ, ನರವಿಜ್ಞಾನ, ಗಣಕ ಮತ್ತು ದತ್ತಾಂಶ ವಿಜ್ಞಾನ, ಪರಿಸರ ವಿಜ್ಞಾನ ಕೇಂದ್ರಗಳ ಅರ್ಹತಾ ಸಾಲುಗಳನ್ನೂ ಓದಬೇಕು. ಅಧಿಸೂಚನೆಯ ಕೋಷ್ಟಕದಲ್ಲಿ ಪ್ರತಿ ವಿಭಾಗದ ಎದುರು ಯಾವ ಪದವಿ, ಯಾವ ಗೇಟ್ ವಿಷಯ, ಯಾವ ನೆಟ್ ವಿಷಯ ಸಲ್ಲುತ್ತದೆ ಎಂದು ಬರೆದಿರುತ್ತದೆ. ಒಂದು ಮಧ್ಯಾಹ್ನ ಕೂತು, ನಿಮ್ಮ ಪದವಿ ಎಲ್ಲೆಲ್ಲಿ ಕಾಣಿಸುತ್ತದೆಯೋ ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ನೀವು ಊಹಿಸದ ನಾಲ್ಕೈದು ಹೆಸರುಗಳಾದರೂ ಸಿಗುತ್ತವೆ.

ಮುಂದಿನ ಹೆಜ್ಜೆ ಗೈಡ್‌ಗಳ, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರ, ಕೆಲಸವನ್ನು ತಿಳಿದುಕೊಳ್ಳುವುದು. ಕೆಲವು ವಿಭಾಗಗಳಲ್ಲಿ ಸಂದರ್ಶನದ ಹೊತ್ತಿನಲ್ಲೇ ಗೈಡ್ ನಿಗದಿಯಾಗುತ್ತಾರೆ. ಇನ್ನು ಕೆಲವು ವಿಭಾಗಗಳಲ್ಲಿ ಮೊದಲ ಕೆಲವು ತಿಂಗಳು ಕೋರ್ಸ್ ಓದಿ, ಒಂದೆರಡು ಲ್ಯಾಬ್‌ಗಳಲ್ಲಿ ಸುತ್ತಾಡಿ, ಆಮೇಲೆ ಆರಿಸಿಕೊಳ್ಳಬಹುದು. ಎರಡರಲ್ಲಿ ಯಾವ ಪದ್ಧತಿ ಎಂಬುದನ್ನು ಆ ವಿಭಾಗದ ಈಗಿನ ವಿದ್ಯಾರ್ಥಿಗಳಲ್ಲಿ ಯಾರನ್ನಾದರೂ ಕೇಳಿ ತಿಳಿದುಕೊಳ್ಳಿ. ಪ್ರಾಧ್ಯಾಪಕರ ವೆಬ್‌ಪುಟದಲ್ಲಿರುವ ಸಂಶೋಧನಾ ವಿವರಣೆ ಕೆಲವೊಮ್ಮೆ ವರ್ಷಗಳಷ್ಟು ಹಳೆಯದಿರುತ್ತದೆ, ಅದನ್ನು ನಂಬಿ ಕೂರಬಾರದು. ಕಳೆದ ಎರಡು ಮೂರು ವರ್ಷಗಳಲ್ಲಿ ಅವರು ಪ್ರಕಟಿಸಿದ ಲೇಖನಗಳ ಸಾರಾಂಶ ಓದಿದರೆ ಈಗ ಲ್ಯಾಬ್ ಯಾವ ಕಡೆ ಹೊರಟಿದೆ ಎಂಬುದು ತಿಳಿಯುತ್ತದೆ.

ಅದಕ್ಕಿಂತಲೂ ಉಪಯುಕ್ತವಾದ, ಆದರೆ ಅರ್ಜಿದಾರರು ಬಹುತೇಕ ಮುಟ್ಟದ ಒಂದು ಆಕರವಿದೆ: ಸಂಸ್ಥೆಯಲ್ಲಿ ಸಲ್ಲಿಕೆಯಾದ ಪಿಎಚ್.ಡಿ. ಪ್ರಬಂಧಗಳು. ಅವು ಸಂಸ್ಥೆಯ ವಿದ್ಯುನ್ಮಾನ ಭಂಡಾರದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ನಿಮ್ಮ ಮನಸ್ಸಿನಲ್ಲಿರುವ ಗೈಡ್ ಬಳಿ ಮುಗಿಸಿದ ಇತ್ತೀಚಿನ ಒಂದೆರಡು ಪ್ರಬಂಧಗಳನ್ನು ಇಳಿಸಿಕೊಳ್ಳಿ. ಮೊದಲ ಅಧ್ಯಾಯವನ್ನು ಪೂರ್ತಿ ಓದಿ, ಏಕೆಂದರೆ ಹೊಸಬನಿಗೆ ವಿಷಯವನ್ನು ಆರಂಭದಿಂದ ವಿವರಿಸುವ ತಾಳ್ಮೆ ಸಂಶೋಧನಾ ಲೇಖನಗಳಲ್ಲಿ ಇರುವುದಿಲ್ಲ, ಪ್ರಬಂಧದ ಪೀಠಿಕೆಯಲ್ಲಿ ಇರುತ್ತದೆ. ಆಮೇಲೆ ಕೃತಜ್ಞತೆಯ ಪುಟಕ್ಕೆ ಬನ್ನಿ. ಲ್ಯಾಬಿನ ಜೀವನ ಹೇಗಿದೆ ಎಂಬುದನ್ನು ಆ ಪುಟದಷ್ಟು ನೇರವಾಗಿ ಇನ್ನಾವುದೂ ಹೇಳುವುದಿಲ್ಲ: ಗೈಡ್‌ಗೆ ಒಂದೇ ಒಣ ವಾಕ್ಯವಿದ್ದು ಲ್ಯಾಬಿನ ಹಿರಿಯರಿಗೆ ಅರ್ಧ ಪುಟವಿದ್ದರೆ ನಿಜವಾಗಿ ಕೆಲಸ ಕಲಿಸಿದವರು ಯಾರೆಂದು ಊಹಿಸಬಹುದು, ಯಂತ್ರ ಕೆಟ್ಟಾಗ, ಮಾದರಿ ಬರದಿದ್ದಾಗ ಯಾರು ಜೊತೆಗಿದ್ದರು ಎಂಬ ಸಣ್ಣಪುಟ್ಟ ಸಂಗತಿಗಳು ಅಲ್ಲಿ ಹೊರಬೀಳುತ್ತವೆ. ಒಂದು ಪುಟದಿಂದ ತೀರ್ಮಾನಕ್ಕೆ ಬರುವುದು ತರವಲ್ಲ, ಆದರೆ ಮೂರು ಪ್ರಬಂಧಗಳಲ್ಲೂ ಒಂದೇ ಸ್ವರ ಕೇಳಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯಬೇಕೇ ಎಂದು ಕೇಳುವವರು ಬಹಳ. ಬರೆಯಬಹುದು, ಕಡ್ಡಾಯವೇನಲ್ಲ, ಆಯ್ಕೆ ಸಮಿತಿಯ ಮೂಲಕವೇ ಆಗಬೇಕಾದ್ದರಿಂದ ಇಮೇಲ್‌ನಿಂದ ಸೀಟು ಸಿಗುವುದಿಲ್ಲ. ಬರೆಯುವುದಾದರೆ "ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸಂಶೋಧನೆ ನಡೆಸುವುದು ನನ್ನ ಬಾಲ್ಯದ ಕನಸು" ಎಂದು ಆರಂಭಿಸಬೇಡಿ. ಅಂಥ ಪತ್ರಗಳು ಅವರಿಗೆ ಲೆಕ್ಕವಿಲ್ಲದಷ್ಟು ಬರುತ್ತವೆ. ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ಯಾವ ಚಿತ್ರ ಅಥವಾ ಯಾವ ಸಮೀಕರಣದ ಬಳಿ ನಿಮಗೆ ಪ್ರಶ್ನೆ ಹುಟ್ಟಿತು, ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಅದಕ್ಕೆ ಹತ್ತಿರದ್ದೇನು ಮಾಡಿದ್ದೀರಿ, ಮತ್ತು ಈ ವರ್ಷ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ, ಇಷ್ಟನ್ನು ಏಳೆಂಟು ಸಾಲಿನಲ್ಲಿ ಬರೆದರೆ ಸಾಕು. ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಇಡೀ ಇಮೇಲ್‌ನ ನಿಜವಾದ ಲಾಭ.

ಅರ್ಜಿ ಮತ್ತು ಪ್ರಮಾಣಪತ್ರಗಳು

ಆಗಸ್ಟ್‌ನಲ್ಲಿ ಆರಂಭವಾಗುವ ಶೈಕ್ಷಣಿಕ ವರ್ಷಕ್ಕೆ ಆನ್‌ಲೈನ್ ಅರ್ಜಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ತೆರೆದು ಮಾರ್ಚ್‌ನಲ್ಲಿ ಮುಚ್ಚುತ್ತದೆ, ಸಂದರ್ಶನಗಳು ಮೇ ಮತ್ತು ಜೂನ್ ತಿಂಗಳ ಸುತ್ತಮುತ್ತ ನಡೆಯುತ್ತವೆ. ಗೇಟ್ ಫೆಬ್ರವರಿಯಲ್ಲಿ ನಡೆದು ಫಲಿತಾಂಶ ಮಾರ್ಚ್‌ನಲ್ಲಿ ಬರುವುದರಿಂದ, ಫಲಿತಾಂಶಕ್ಕೆ ಕಾಯುತ್ತ ಕೂತರೆ ಅರ್ಜಿಯ ಗಡುವು ಮೀರಬಹುದು. ನೋಂದಣಿ ಸಂಖ್ಯೆ ನಮೂದಿಸಿ ಮೊದಲೇ ಅರ್ಜಿ ಹಾಕಬೇಕು. ಗೇಟ್ ಅಂಕ ಮೂರು ವರ್ಷ ಊರ್ಜಿತದಲ್ಲಿರುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿರುವವರೂ ಅರ್ಜಿ ಹಾಕಬಹುದು, ಆದರೆ ನಮ್ಮ ರಾಜ್ಯದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಫಲಿತಾಂಶ ತಡವಾಗುವುದು ಹೊಸದೇನಲ್ಲ, ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಕಾಲೇಜಿನಿಂದ ಕೋರ್ಸ್ ಪೂರ್ಣಗೊಳಿಸಿದ ಪತ್ರವನ್ನು ಬರೆಸಿಕೊಂಡಿರುವುದು ಒಳ್ಳೆಯದು.

ಕರ್ನಾಟಕದ ಅರ್ಜಿದಾರರು ಎಡವುವ ಒಂದು ಜಾಗವನ್ನು ಬಿಡಿಸಿ ಹೇಳಬೇಕು. ಐಐಎಸ್‌ಸಿ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಸಲ್ಲುವುದು ಕೇಂದ್ರದ ಮೀಸಲಾತಿ ಪಟ್ಟಿ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆಗೆ ಅಲ್ಲಿ ಬೆಲೆಯಿಲ್ಲ. ಸಿಇಟಿಗೆ ಕೊಟ್ಟಿದ್ದ ಪ್ರಮಾಣಪತ್ರವನ್ನೇ ಅಪ್‌ಲೋಡ್ ಮಾಡಿದರೆ ಅದು ತಿರಸ್ಕೃತವಾಗುತ್ತದೆ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಕರ್ನಾಟಕದ ಪಟ್ಟಿಯಲ್ಲಿ, ಉಪಜಾತಿಯ ಹೆಸರಿನ ಕಾಗುಣಿತದ ಸಮೇತ, ನೋಡಿಕೊಳ್ಳಿ. ಇದ್ದರೆ ಕೆನೆಪದರಕ್ಕೆ ಸೇರಿಲ್ಲ ಎಂಬುದನ್ನು ಒಳಗೊಂಡ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು, ಅಧಿಸೂಚನೆ ಕೇಳುವ ಆರ್ಥಿಕ ವರ್ಷದ್ದನ್ನೇ, ತಹಶೀಲ್ದಾರರಿಂದ ಪಡೆಯಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಕೇಂದ್ರ ಸರ್ಕಾರದ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿ ಹೇಳದಿದ್ದರೆ ರಾಜ್ಯದ ನಮೂನೆಯೇ ಕೈಗೆ ಬರುತ್ತದೆ. ರಾಜ್ಯದಲ್ಲಿ ಹಿಂದುಳಿದ ವರ್ಗಕ್ಕೆ ಸೇರಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದು ಆಸ್ತಿಯ ಷರತ್ತುಗಳನ್ನೂ ಪೂರೈಸಿದರೆ, ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ) ವರ್ಗಕ್ಕೆ ಅರ್ಹರಾಗಬಹುದು ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಈ ಕಾಗದಗಳಿಗಾಗಿ ಏಪ್ರಿಲ್ ತಿಂಗಳಲ್ಲಿ ತಾಲ್ಲೂಕು ಕಚೇರಿಗೆ ಅಲೆಯುವುದಕ್ಕಿಂತ ಜನವರಿಯಲ್ಲೇ ವಿಚಾರಿಸುವುದು ಮೇಲು.

ಬೋರ್ಡಿನ ಮುಂದೆ

ಸಂದರ್ಶನಕ್ಕೆ ಕರೆ ಬಂದ ಮೇಲೆ ಕೆಲವು ವಿಭಾಗಗಳು ಮೊದಲು ಲಿಖಿತ ಪರೀಕ್ಷೆ ಇಟ್ಟು ಅರ್ಧಕ್ಕರ್ಧ ಜನರನ್ನು ಅಲ್ಲೇ ಕಳಿಸುವುದುಂಟು. ಆನ್‌ಲೈನ್ ಸಂದರ್ಶನವೂ ಇರಬಹುದು. ಉಳಿದಂತೆ ನಡಾವಳಿ ಬಹುಮಟ್ಟಿಗೆ ಒಂದೇ. ನಿಮ್ಮ ಎದುರಿಗೆ ಹಲವು ಪ್ರಾಧ್ಯಾಪಕರು, ಪಕ್ಕದಲ್ಲಿ ಬೋರ್ಡು, ಕೈಯಲ್ಲಿ ಸೀಮೆಸುಣ್ಣ ಅಥವಾ ಪೆನ್ನು. ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: ಯಾವ ವಿಷಯದಲ್ಲಿ ಪ್ರಶ್ನೆ ಕೇಳೋಣ?

ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲದೆ ಒಳಗೆ ಹೋಗಬಾರದು. "ಯಾವುದನ್ನಾದರೂ ಕೇಳಿ ಸರ್" ಎಂದರೆ ಸೌಜನ್ಯವೆನಿಸಬಹುದು, ಆದರೆ ಅಲ್ಲಿಗೆ ನಿಮಗಿದ್ದ ಏಕೈಕ ಅನುಕೂಲವನ್ನು ನೀವೇ ಬಿಟ್ಟುಕೊಟ್ಟಂತಾಗುತ್ತದೆ. ಎರಡು ವಿಷಯಗಳನ್ನು ಆರಿಸಿಕೊಳ್ಳಿ. ಒಂದು ನಿಮ್ಮ ಪದವಿಯ ಮೂಲ ವಿಷಯವಾಗಿರಲಿ, ಉದಾಹರಣೆಗೆ ಭೌತಶಾಸ್ತ್ರದವರಿಗೆ ಕ್ವಾಂಟಮ್ ಮೆಕ್ಯಾನಿಕ್ಸ್, ಮೆಕ್ಯಾನಿಕಲ್‌ನವರಿಗೆ ದ್ರವಬಲಶಾಸ್ತ್ರ. ಇನ್ನೊಂದು ಗಣಿತಕ್ಕೆ ಸಂಬಂಧಿಸಿದ್ದಾಗಿರಲಿ, ಏಕೆಂದರೆ ಎಂಜಿನಿಯರಿಂಗ್ ವಿಭಾಗಗಳಲ್ಲಿ ರೇಖೀಯ ಬೀಜಗಣಿತ, ಅವಕಲ ಸಮೀಕರಣ, ಸಂಭವನೀಯತೆ ಇವನ್ನು ಕೇಳದೆ ಬಿಡುವುದು ಅಪರೂಪ. ಈ ಎರಡು ವಿಷಯಗಳ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಓದಿ, ಪ್ರತಿ ಸೂತ್ರ ಎಲ್ಲಿಂದ ಬಂತು, ಯಾವಾಗ ಸಲ್ಲುವುದಿಲ್ಲ ಎಂಬುದನ್ನು ಕಾಗದದ ಮೇಲೆ ಸಾಧಿಸಿ ನೋಡಿ. ಗೇಟ್‌ಗಾಗಿ ಹತ್ತು ವಿಷಯಗಳನ್ನು ಮೇಲೆಮೇಲೆ ಓದಿದ್ದು ಇಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ.

ಅವರ ಪ್ರಶ್ನೆಗಳು ಎಷ್ಟು ಸರಳವಾಗಿ ಆರಂಭವಾಗುತ್ತವೆ ಎಂಬುದನ್ನು ಒಂದು ಮಾದರಿಯಿಂದ ತೋರಿಸುತ್ತೇನೆ. ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿದಾಗ ಬರುವ ಫಲನದ ನಕ್ಷೆ ಬಿಡಿಸಿ ಎನ್ನುತ್ತಾರೆ. ಪಿಯುಸಿ ಮಟ್ಟದ ಪ್ರಶ್ನೆಯಂತೆ ಕಾಣುತ್ತದೆ. ಗಾಬರಿಯಲ್ಲಿ ಅಲೆಯೊಂದನ್ನು ಬರೆದುಬಿಡುವವರು ಬಹಳ. ಕೇಳಿದವರು ನೋಡಬಯಸುವುದು ನೀವು ಬರೆಯುವ ಮುನ್ನ ಏನೇನು ವಿಚಾರಿಸುತ್ತೀರಿ ಎಂಬುದನ್ನು. ಅಂಶವೂ ಛೇದವೂ ಬೆಸ ಫಲನಗಳಾದ್ದರಿಂದ ಭಾಗಲಬ್ಧ ಸಮ ಫಲನ, ಹಾಗಾಗಿ ಬಲಭಾಗ ಬಿಡಿಸಿದರೆ ಎಡಭಾಗ ಅದರ ಕನ್ನಡಿ ಬಿಂಬ ಎಂದು ಮೊದಲು ಬಾಯಿಬಿಟ್ಟು ಹೇಳಿ. ಎಕ್ಸ್ ಸೊನ್ನೆಯಾದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ, ಆದರೆ ಸೈನ್ ಶ್ರೇಢಿಯ ಮೊದಲ ಎರಡು ಪದ ತೆಗೆದುಕೊಂಡರೆ ಫಲನ 1ರಿಂದ ಎಕ್ಸ್ ವರ್ಗದ ಆರನೆಯ ಒಂದು ಭಾಗವನ್ನು ಕಳೆದಷ್ಟಾಗುತ್ತದೆ, ಆದ್ದರಿಂದ ಎತ್ತರ 1, ಆಚೀಚೆ ಪರವಲಯದಂತೆ ಇಳಿಯುತ್ತದೆ. ಪೈ, ಎರಡು ಪೈ, ಮೂರು ಪೈ ಹೀಗೆ ಪ್ರತಿ ಪೂರ್ಣ ಗುಣಕದಲ್ಲೂ ರೇಖೆ ಅಕ್ಷವನ್ನು ದಾಟುತ್ತದೆ. ಅಲೆಯ ಎತ್ತರ ಎಕ್ಸ್‌ನ ವಿಲೋಮದಂತೆ ಕುಗ್ಗುತ್ತ ಹೋಗುತ್ತದೆ. ಇಷ್ಟಾದ ಮೇಲೆ ನಕ್ಷೆ ಬಿಡಿಸಿ.

ಇಲ್ಲಿಗೆ ಮುಗಿಯುವುದಿಲ್ಲ. ಮೊದಲ ತಗ್ಗು ಪೈಯ ಒಂದೂವರೆ ಪಟ್ಟಿನಲ್ಲಿ ಸರಿಯಾಗಿ ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಅವಕಲನ ಮಾಡಿದರೆ ಟ್ಯಾನ್ ಎಕ್ಸ್ ಎಕ್ಸ್‌ಗೆ ಸಮ ಎಂಬ ಸಮೀಕರಣ ಬರುತ್ತದೆ. ಅದರ ಮೊದಲ ಧನ ಉತ್ತರ ಸುಮಾರು 4.49, ಪೈಯ ಒಂದೂವರೆ ಪಟ್ಟು ಸುಮಾರು 4.71, ಅಂದರೆ ತಗ್ಗು ಸ್ವಲ್ಪ ಮೊದಲೇ ಬರುತ್ತದೆ. ಸಂಖ್ಯೆ ನೆನಪಿಲ್ಲದಿದ್ದರೂ ಚಿಂತೆಯಿಲ್ಲ. ಕುಗ್ಗುತ್ತಿರುವ ಅಲೆಯಾದ್ದರಿಂದ ತುದಿ ಮೂಲದ ಕಡೆಗೆ ವಾಲಿರಬೇಕು ಎಂದು ಕಾರಣ ಕೊಟ್ಟು ಹೇಳಿದರೆ ಸಾಕಷ್ಟಾಯಿತು. ಕೊನೆಯ ಪ್ರಶ್ನೆ, ಇದನ್ನು ಎಲ್ಲಿ ನೋಡಿದ್ದೀರಿ ಎಂಬುದು. ಬೆಳಕು ಒಂದು ಸೀಳಿನ ಮೂಲಕ ಹಾದಾಗ ಪರದೆಯ ಮೇಲೆ ಬೀಳುವ ತೀವ್ರತೆ ಇದರ ವರ್ಗ. ಆಯತಾಕಾರದ ಸ್ಪಂದದ ಫೂರಿಯೆ ರೂಪಾಂತರವೂ ಇದೇ. ಪಿಯುಸಿಯಲ್ಲಿ ಆರಂಭವಾದ ಮಾತು ಹತ್ತು ನಿಮಿಷದಲ್ಲಿ ಎಂ.ಎಸ್ಸಿ. ದಾಟಿರುತ್ತದೆ. ಈ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ನೀವು ನಿಲ್ಲುತ್ತೀರಿ, ನಿಲ್ಲಲೆಂದೇ ಪ್ರಶ್ನೆ ಮುಂದುವರಿಯುತ್ತದೆ. ನಿಂತ ಜಾಗದಲ್ಲಿ ಏನು ಮಾಡುತ್ತೀರಿ ಎಂಬುದು ಮುಖ್ಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವುದರಿಂದ ಅಲ್ಲಿಗೆ ಹೇಗೆ ಹೋಗಬಹುದೆಂದು ಯೋಚಿಸಿ, ಅವರು ಕೊಡುವ ಸುಳಿವನ್ನು ಹಿಡಿದುಕೊಳ್ಳಿ. ಸುಳಿವು ಕೊಟ್ಟಾಗ ಅದನ್ನು ಬಳಸಿಕೊಳ್ಳುವವರನ್ನು ಅವರು ಇಷ್ಟಪಡುತ್ತಾರೆ.

ಜೀವವಿಜ್ಞಾನದವರಿಗೆ ಪ್ರಶ್ನೆಯ ರೂಪ ಬೇರೆ, ಮರ್ಮ ಅದೇ. ನೀವು ಮಾಡಿದ ಪ್ರಾಜೆಕ್ಟನ್ನು ವಿವರಿಸಿ ಎನ್ನುತ್ತಾರೆ. ಜೆಲ್‌ನ ಚಿತ್ರ ತೋರಿಸಿದ ಕೂಡಲೇ ಇದಕ್ಕೆ ಕಂಟ್ರೋಲ್ (ಹೋಲಿಕೆಯ ಮಾದರಿ) ಯಾವುದು, ಜೆಲ್‌ನಲ್ಲಿ ಈ ಬ್ಯಾಂಡ್ ಬಾರದಿದ್ದರೆ ಏನೆಂದು ತಿಳಿಯುತ್ತಿದ್ದಿರಿ, ಇದೇ ಪ್ರಶ್ನೆಗೆ ಇನ್ನೊಂದು ಪ್ರಯೋಗ ಹೇಗೆ ರೂಪಿಸುತ್ತೀರಿ ಎಂದು ಕೇಳುತ್ತಾರೆ. ಕಿಟ್‌ನ ಜೊತೆ ಬಂದ ಸೂಚನಾ ಪತ್ರದಂತೆ ಮಾಡಿದೆ ಎಂಬ ಉತ್ತರ ಅಲ್ಲಿ ಸಾಲದು. ಪ್ರಾಜೆಕ್ಟ್ ವರದಿಯಲ್ಲಿ ನೀವು ಬಳಸಿದ ಪ್ರತಿ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಹೊರಗೆ ದುಡ್ಡು ಕೊಟ್ಟು ಮಾದರಿಯ ಪರೀಕ್ಷೆ ಮಾಡಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಆ ಪರೀಕ್ಷೆಯ ತತ್ತ್ವವನ್ನು ಮಾತ್ರ ಓದಿಕೊಂಡು ಹೋಗಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್‌ನ ಅಳುಕು ಇರುವುದು ಸಹಜ. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ದೇಶದ ಎಲ್ಲ ಮೂಲೆಗಳಿಂದ ಬಂದವರನ್ನು ಸಂದರ್ಶಿಸಿ ಅಭ್ಯಾಸವಿರುವ ಸಮಿತಿಗೆ ನಿಮ್ಮ ವ್ಯಾಕರಣಕ್ಕಿಂತ ನಿಮ್ಮ ಸಮೀಕರಣ ಮುಖ್ಯ. ತೊಂದರೆ ಕೊಡುವುದು ಭಾಷೆಗಿಂತ ಮೌನ: ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಐದು ನಿಮಿಷ ಸುಮ್ಮನಿದ್ದರೆ ಎದುರಿನವರಿಗೆ ನಿಮ್ಮ ಯೋಚನೆ ಕಾಣುವುದಿಲ್ಲ. ಅದಕ್ಕೆ ಪರಿಹಾರ ಅಭ್ಯಾಸ ಮಾತ್ರ. ಹಾಸ್ಟೆಲ್ ಗೆಳೆಯರಿಬ್ಬರನ್ನು ಖಾಲಿ ತರಗತಿಯಲ್ಲಿ ಕೂರಿಸಿ, ಬೋರ್ಡಿನ ಮೇಲೆ ಬರೆಯುತ್ತ, ಬರೆದದ್ದನ್ನೆಲ್ಲ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುತ್ತ ಹೋಗಿ. ಮಧ್ಯೆ ತಡೆದು "ಯಾಕೆ" ಎಂದು ಕೇಳುವುದೊಂದೇ ಅವರ ಕೆಲಸವಾಗಿರಲಿ.

ಆಯ್ಕೆಯಾದ ಮೇಲೆ, ಆಗದಿದ್ದರೆ

ಜೆಆರ್‌ಎಫ್ ಮತ್ತು ಸಂಸ್ಥೆಯ ಪಿಎಚ್.ಡಿ. ಶಿಷ್ಯವೇತನ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ 2018ರಲ್ಲಿ ಆರಂಭವಾದಾಗ 70,000 ರೂಪಾಯಿಯಿಂದ ಶುರುವಾಗಿ 80,000ದವರೆಗೆ ನಿಗದಿಯಾಗಿತ್ತು. ಅದಕ್ಕೆ ಪ್ರತ್ಯೇಕ ಆಯ್ಕೆಯಿದೆ. ಹೊರಗಿನ ಫೆಲೋಶಿಪ್ ಇರುವವರಿಗೆ ಮೊದಲ ಕಂತು ಕೈಸೇರಲು ಕೆಲವು ತಿಂಗಳು ಹಿಡಿಯಬಹುದಾದ್ದರಿಂದ ಬೆಂಗಳೂರಿನ ಒಂದು ಸೆಮಿಸ್ಟರ್ ಖರ್ಚಿಗಾಗುವಷ್ಟು ಹಣ ಜೊತೆಗಿರಬೇಕು. ಒಳಗೆ ಹೋದ ಮೇಲೆ ಕೋರ್ಸ್‌ವರ್ಕ್, ಅದಾದ ಮೇಲೆ ವಿಷಯಜ್ಞಾನವನ್ನು ಅಳೆಯುವ ಕಾಂಪ್ರಿಹೆನ್ಸಿವ್ ಪರೀಕ್ಷೆ, ಕೊನೆಗೆ ನಿಮ್ಮ ಸಂಶೋಧನೆಯನ್ನು ಮಂಡಿಸುವ ಕಲೋಕ್ವಿಯಂ, ಪ್ರಬಂಧ, ವೈವಾ (ಮೌಖಿಕ ಪರೀಕ್ಷೆ). ಕಾಂಪ್ರಿಹೆನ್ಸಿವ್‌ನಲ್ಲೂ ನಿಮ್ಮನ್ನು ನಿಲ್ಲಿಸುವುದು ಬೋರ್ಡಿನ ಮುಂದೆಯೇ, ಹಾಗಾಗಿ ಸಂದರ್ಶನಕ್ಕೆ ಮಾಡಿದ ಟಿಪ್ಪಣಿಗಳನ್ನು ಎಸೆಯಬೇಡಿ.

ಕಾಯುವ ಪಟ್ಟಿಯಲ್ಲಿ (ವೇಟಿಂಗ್ ಲಿಸ್ಟ್) ಹೆಸರಿದ್ದವರು ಬೇಸರಪಡದೆ ಕಾಯಬೇಕು. ಹಲವು ಕಡೆ ಆಯ್ಕೆಯಾದವರು ಒಂದನ್ನು ಆರಿಸಿಕೊಂಡಂತೆ ಪಟ್ಟಿ ಸರಿಯುತ್ತದೆ. ಬೆಂಗಳೂರಿನಲ್ಲೇ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಇವೆ. ಇವುಗಳಲ್ಲಿ ಹಲವಕ್ಕೆ ಅದೇ ನೆಟ್, ಅದೇ ಜೆಸ್ಟ್ ಅಂಕ ಸಾಕಾಗುವುದರಿಂದ ಒಂದೇ ಅರ್ಜಿಯ ಮೇಲೆ ಇಡೀ ವರ್ಷವನ್ನು ಪಣಕ್ಕೊಡ್ಡುವ ಅಗತ್ಯವಿಲ್ಲ. ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿರುವವರಿಗೆ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಕೊಡುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಇಂಥ ಲ್ಯಾಬ್‌ಗಳ ಒಳಗನ್ನು ನೋಡಲು ಒಳ್ಳೆಯ ದಾರಿ. ಅದಕ್ಕೆ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು. ಐಐಎಸ್‌ಸಿಯ ಆವರಣವನ್ನೊಮ್ಮೆ ನೋಡಬೇಕೆಂದಷ್ಟೇ ಇದ್ದರೆ ಪ್ರತಿವರ್ಷ ಸಾರ್ವಜನಿಕರಿಗಾಗಿ ನಡೆಯುವ ಓಪನ್ ಡೇ ಇದೆ, ಅಂದು ಲ್ಯಾಬಿನ ವಿದ್ಯಾರ್ಥಿಗಳನ್ನು ಸಲೀಸಾಗಿ ಮಾತನಾಡಿಸಬಹುದು.

ಈ ಸಲ ಆಯ್ಕೆಯಾಗದವರಲ್ಲಿ ಹಲವರು ಒಂದು ವರ್ಷ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಯಾವುದಾದರೂ ಲ್ಯಾಬ್ ಸೇರುತ್ತಾರೆ. ಕೆಲಸ ಒಪ್ಪಿಕೊಳ್ಳುವ ಮುನ್ನ ಮೂರು ವಿಚಾರ ಕೇಳಿ ತಿಳಿಯಿರಿ: ಹಣ ಯಾವ ಯೋಜನೆಯಿಂದ ಬರುತ್ತದೆ ಮತ್ತು ಅದು ಯಾವ ತಿಂಗಳಿಗೆ ಮುಗಿಯುತ್ತದೆ, ನಿಮ್ಮ ಕೆಲಸಕ್ಕೆ ಲೇಖನದಲ್ಲಿ ಹೆಸರು ಸಿಗುತ್ತದೆಯೇ, ಪರೀಕ್ಷೆಗೆ ಓದಲು ರಜೆ ಕೊಡುತ್ತಾರೆಯೇ. ಕೆಲವು ವಿಭಾಗಗಳು ಆಗಸ್ಟ್ ಅಲ್ಲದೆ ಜನವರಿ ಹೊತ್ತಿಗೂ ಕೆಲವು ಪಿಎಚ್.ಡಿ. ಸ್ಥಾನಗಳನ್ನು ತುಂಬುತ್ತವೆ, ಅದರ ಪ್ರಕಟಣೆ ವರ್ಷದ ಉತ್ತರಾರ್ಧದಲ್ಲಿ ಸಂಸ್ಥೆಯ ಪ್ರವೇಶ ಪುಟದಲ್ಲಿ ಬರುತ್ತದೆ, ಅರ್ಜಿಗೆ ಕೊಡುವ ಕಾಲಾವಕಾಶ ಕಡಿಮೆ, ಆದ್ದರಿಂದ ಸೆಪ್ಟೆಂಬರ್‌ನಿಂದಲೇ ವಾರಕ್ಕೊಮ್ಮೆ ಆ ಪುಟವನ್ನು ನೋಡುತ್ತಿರಬೇಕು.